ಹೆಬ್ಬೆಟ್ಟು ಒತ್ತುವ ಮುಂಚೆ

"ಒಳ್ಳೆಯ ಸರ್ಜನ್ನರನ್ನು ಆರಿಸಿಕೊಳ್ಳಿ" ಎಂದು ಉಪದೇಶ ಮಾಡುವವರು ಯಾರಿಗೆ ಹೇಳುತ್ತಿದ್ದಾರೆ? ಆರಿಸಿಕೊಳ್ಳುವ ಹಕ್ಕು ಈ ದೇಶದಲ್ಲಿ ಉಳ್ಳವರ ಸೊತ್ತು. ಯಾರ ಹೊಲದಲ್ಲಿ ದುಡಿಯಬೇಕು, ಯಾವ ಬಾವಿಯ ನೀರು ಕುಡಿಯಬೇಕು ಅನ್ನೋದನ್ನೇ ಕೇರಿಯವನಿಗೆ ಬೇರೆಯವರು ತೀರ್ಮಾನಿಸಿದರು. ಈಗ ಅವನ ಬೆನ್ನನ್ನು ಯಾರು ಕೊಯ್ಯಬೇಕು ಅನ್ನೋದನ್ನೂ ಸಾಲ ಕೊಟ್ಟ ಸಾಹುಕಾರ, ಕಮಿಷನ್ ತಿನ್ನೋ ದಲ್ಲಾಳಿ ತೀರ್ಮಾನಿಸ್ತಾರೆ. ಅವನ ಪಾಲಿಗೆ ಉಳಿದಿರೋದು ಹೆಬ್ಬೆಟ್ಟು ಒತ್ತೋದು.

ಬೆನ್ನುಹುರಿಯ ಗೆಡ್ಡೆ ಅಪರೂಪದ ರೋಗ. ದುಡಿಯೋ ಜನರ ಬೆನ್ನುನೋವಿನಲ್ಲಿ ಬಹುಪಾಲು ಇದಲ್ಲ, ನಿಜ. ಆದರೆ ಆ ನಿಜವೇ ನಮ್ಮವರಿಗೆ ಶಾಪವಾಗಿದೆ. "ಕೂಲಿಯವರಿಗೆ ಬೆನ್ನುನೋವು ಇದ್ದದ್ದೇ" ಅಂತ ಇಂಜೆಕ್ಷನ್ ಚುಚ್ಚಿ ಕಳಿಸ್ತಾರೆ. ರಾತ್ರಿ ಮಲಗಿದಾಗ ಹೆಚ್ಚಾಗುವ ನೋವು, ಕಾಲಿನ ಜೋಮು, ಚಪ್ಪಲಿ ಜಾರಿದ್ದೂ ತಿಳಿಯದಿರೋದು, ನಡಿಗೆ ತೊಡರೋದು, ಉಚ್ಚೆ ಕಟ್ಟೋದು ಇಲ್ಲವೇ ತಾನೇ ಹೋಗೋದು, ಇವು ದುಡಿಮೆಯ ದಣಿವಲ್ಲ. ಬೆನ್ನುಮೂಳೆಯ ಕ್ಷಯದಲ್ಲೂ ಹೀಗಾಗ್ತದೆ. ಅದಕ್ಕೆ ಮುಖ್ಯ ಚಿಕಿತ್ಸೆ ಮಾತ್ರೆ. ಯಾವುದು ಏನೆಂದು ತಿಳಿಯಲು ಎಂ.ಆರ್.ಐ. ಬೇಕು, ಕೆಲವು ಸಲ ಚೂರು ತೆಗೆದು ಪರೀಕ್ಷೆಯೂ ಬೇಕು.

ತಡ ಮಾಡಿದರೆ ಕಾಲು ಹೋಗ್ತದೆ. ಆಪರೇಷನ್ನಿಗೆ ನಡೆದು ಹೋದವನು ಮತ್ತೆ ನಡೆಯುವ ಸಾಧ್ಯತೆ ಹೆಚ್ಚು. ಕಾಲು ಪೂರಾ ಬಿದ್ದು ಬಹಳ ದಿನವಾದವನಿಗೆ ಕಡಿಮೆ. 1887ರಲ್ಲಿ ಲಂಡನ್ನಿನಲ್ಲಿ ಗವರ್ಸ್ ಎಂಬ ವೈದ್ಯ ರೋಗ ಗುರುತಿಸಿ, ಹಾರ್ಸ್ಲಿ ಎಂಬ ಸರ್ಜನ್ ಬೆನ್ನುಹುರಿಯನ್ನು ಒತ್ತುತ್ತಿದ್ದ ಗೆಡ್ಡೆಯನ್ನು ತೆಗೆದರು. ಕಾಲಿನ ಸ್ವಾಧೀನ ಕಳೆದುಕೊಂಡಿದ್ದ ಆ ರೋಗಿ ಮತ್ತೆ ನಡೆದ. ಆತ ಸೈನ್ಯದ ಕ್ಯಾಪ್ಟನ್. ಇಷ್ಟು ವರ್ಷವಾದ ಮೇಲೂ ನಮ್ಮ ಕೇರಿಗಳಲ್ಲಿ ಇದನ್ನು ಪೂರ್ವಜನ್ಮದ ಕರ್ಮ ಅಂತ ಹೇಳಿ ಹರಕೆಗೆ ಕಳಿಸುವವರಿದ್ದಾರೆ. ನಮ್ಮನ್ನು ಊರ ಹೊರಗೆ ಇಟ್ಟದ್ದು ಇದೇ ಕರ್ಮ. ಈಗ ಹಾಸಿಗೆಗೂ ಅದೇ ಕೆಡವಬೇಕೆ?

ಗೆಡ್ಡೆ ಅಂದರೆ ಎಲ್ಲ ಒಂದೇ ಅಲ್ಲ. ಹುರಿಯ ಹೊರಗೆ, ಅದರ ಪೊರೆಯಲ್ಲೋ ನರದ ಬೇರಲ್ಲೋ ಬೆಳೆಯುವ ಮೆನಿಂಜಿಯೋಮ, ಶ್ವಾನೋಮಗಳು ಬಹುತೇಕ ಕ್ಯಾನ್ಸರ್ ಅಲ್ಲ, ಪೂರ್ತಿ ತೆಗೆಯಬಹುದು. ಹುರಿಯ ಒಳಗೇ ಬೆಳೆಯುವುದರಲ್ಲಿ ಎಪೆಂಡಿಮೋಮ ಸಾಮಾನ್ಯವಾಗಿ ಬಿಡಿಸಿಕೊಂಡು ಬರ್ತದೆ. ಆಸ್ಟ್ರೋಸೈಟೋಮ ಹಿಟ್ಟಿಗೆ ಬೆರೆತ ನೀರಿನ ಹಾಗೆ, ಪೂರ್ತಿ ಕೀಳಲು ಹೋದರೆ ಕಾಲೇ ಹೋಗಬಹುದು. ಬೇರೆ ಅಂಗದ ಕ್ಯಾನ್ಸರ್ ಬೆನ್ನಿಗೆ ಬಂದಿದ್ದರೆ ವಿಕಿರಣ ಚಿಕಿತ್ಸೆಯ ಮಾತು ಬರ್ತದೆ. ತೊಂದರೆ ಕೊಡದ ಸಣ್ಣ ಗೆಡ್ಡೆಯನ್ನು ಸ್ಕ್ಯಾನ್ ಮಾಡಿಸುತ್ತಾ ಕಾಯಲೂಬಹುದು. ಹಾಗಾಗಿ ಎಲ್ಲರಿಗೂ "ನಾಳೆಯೇ ಕೊಯ್ಯಬೇಕು, ದುಡ್ಡು ಕಟ್ಟಿ" ಅನ್ನುವ ಬಾಯನ್ನು ನಂಬಬೇಡಿ. ಆದರೆ ಕಾಲಿನ ಬಲ ದಿಢೀರನೆ ಕುಸಿದರೆ, ಉಚ್ಚೆ ನಿಂತರೆ, ಆಗ ಹತ್ತು ಜನರನ್ನು ಕೇಳುತ್ತಾ ಕೂರಬಾರದು.

ಸರ್ಜನ್ನರನ್ನು ಕೇಳಬೇಕಾದ್ದು ಇಷ್ಟು: ಗೆಡ್ಡೆ ಹುರಿಯ ಒಳಗೋ ಹೊರಗೋ? ಇಂಥ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡ್ತೀರಿ? ಕತ್ತರಿ ಹಿಡಿಯೋದು ನೀವೋ, ನಿಮ್ಮ ಹೆಸರಲ್ಲಿ ಇನ್ನೊಬ್ಬರೋ? ಮೈಕ್ರೋಸ್ಕೋಪ್ ಇದೆಯೇ? ಆಪರೇಷನ್ ನಡೆಯುವಾಗ ನರದ ಸಂಕೇತ ನೋಡುವ ಯಂತ್ರ ಇದೆಯೇ? ಮಾಡಿಸಿದರೆ ಕೈಕಾಲು, ಉಚ್ಚೆಯ ಗತಿ ಏನು, ಮಾಡಿಸದಿದ್ದರೆ ಏನು? ಆಮೇಲೆ ಫಿಸಿಯೋಥೆರಪಿ ಎಲ್ಲಿ? ಒಟ್ಟು ಖರ್ಚೆಷ್ಟು, ಕಾರ್ಡು ನಡೀತದಾ? ನಿಜವಾದ ಸರ್ಜನ್ ಈ ಪ್ರಶ್ನೆಗೆ ಸಿಟ್ಟಾಗಲ್ಲ. ಸಿಟ್ಟಾದರೆ ಅದೂ ಒಂದು ಉತ್ತರವೇ.

ಇದು ಯಾರ ಭಿಕ್ಷೆಯೂ ಅಲ್ಲ. ಚಿಕಿತ್ಸೆಯ ಲಾಭ, ಅಪಾಯ, ಬೇರೆ ದಾರಿ ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು 2002ರ ವೈದ್ಯಕೀಯ ಮಂಡಳಿಯ ನಿಯಮ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯೋದು ಹಕ್ಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2018ರ ಸನ್ನದು ಹೇಳ್ತದೆ. ಬೆಂಗಳೂರಿನಲ್ಲಿ 1974ರಿಂದ ನಿಮ್ಹಾನ್ಸ್ ಇದೆ, ಅಲ್ಲಿ ನರಶಸ್ತ್ರಚಿಕಿತ್ಸೆ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಮಾತು ಕೊಟ್ಟಿದೆ. ಹಾಗಾಗಿ ತುಂಡು ಜಮೀನು ಮಾರುವ ಮೊದಲು ಅಲ್ಲಿಗೆ ಹೋಗಿ ಕೇಳಿ.

ಕಾಗದದ ಹಕ್ಕು ತಾನಾಗಿ ನಡೆದು ಬರಲ್ಲ. ಮಹಾಡದ ಕೆರೆ ಎಲ್ಲರಿಗೂ ತೆರೆದಿದೆ ಅಂತ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಬಾಬಾಸಾಹೇಬರು 1927ರಲ್ಲಿ ಇಳಿದು ಬೊಗಸೆ ನೀರು ಕುಡಿಯುವವರೆಗೆ ಅದು ಬರೀ ಕಾಗದ. ಆಸ್ಪತ್ರೆಯ ಹಕ್ಕೂ ಹಾಗೇ. ಬೀದರಿನ ಕೂಲಿಕಾರ ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೆ ಸ್ಕ್ಯಾನು ಹಿಡಿದುಕೊಂಡು ಯಾಕೆ ಅಲೀಬೇಕು? ಪ್ರತಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲೂ ಎಂ.ಆರ್.ಐ., ನರಶಸ್ತ್ರಚಿಕಿತ್ಸಕರು ಇರಬೇಕು ಅಂತ ಸಂಘಟನೆಗಳು ಬೀದಿಗೆ ಇಳಿಯಬೇಕು.

ಅಲ್ಲಿಯವರೆಗೆ ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ನಿಮ್ಮ ಓದಿಗೆ ಒಂದು ಕೆಲಸ ಇದೆ. ಕೇರಿಯಿಂದ ಒಬ್ಬ ರೋಗಿ ಹೊರಟರೆ ಜೊತೆಗೆ ಹೋಗಿ. ಫಿಲ್ಮು, ರಿಪೋರ್ಟು, ಚೀಟಿ ಒಂದೂ ಬಿಡದೆ ಜೋಡಿಸಿಡಿ. ಪ್ರಶ್ನೆಗಳನ್ನು ಬರೆದುಕೊಂಡು, ಬಂದ ಉತ್ತರವನ್ನು ರೋಗಿಯ ಮಾತಿನಲ್ಲಿ ಅವನಿಗೇ ಹೇಳಿ. ತೀರ್ಮಾನ ಅವನದು, ನಿಮ್ಮದಲ್ಲ. ಸಾಲದ ಪತ್ರದ ಮೇಲೆ ಓದದೆ ಒತ್ತಿದ ಹೆಬ್ಬೆಟ್ಟು ನಮ್ಮ ಹಿರಿಯರ ಭೂಮಿ ನುಂಗಿತು. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಹೇಳುವವರೆಗೆ ಆ ಬೆರಳಿಗೆ ಮಸಿ ಹತ್ತಲು ಬಿಡಬೇಡಿ.