ತಾನಾಗಿ ನಡೆಯುವುದು ನಿಂತಾಗ

ಕಂಪ್ಯೂಟರಿಗೆ ಜೋಡಿಸಿದ ಸಾಧನವೊಂದು ಕೆಲಸ ಮಾಡದಿದ್ದರೆ ಇಡೀ ವ್ಯವಸ್ಥೆಯನ್ನೇ ಅಳಿಸಿ ಮತ್ತೆ ಹೊಸದಾಗಿ ಸ್ಥಾಪಿಸುವ ಪದ್ಧತಿಯೊಂದು ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರುತ್ತಿದೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತಹ ಈ ಚಿಕಿತ್ಸೆಯನ್ನು ನಾನು ಒಪ್ಪಲಾರೆ.

ಕೆಲವು ದಿನಗಳ ಹಿಂದೆ ಕಾಲೇಜು ವಿದ್ಯಾರ್ಥಿಯೊಬ್ಬನು ತನ್ನ ಲ್ಯಾಪ್‌ಟಾಪಿನೊಡನೆ ನನ್ನಲ್ಲಿಗೆ ಬಂದನು. ಅದರಲ್ಲಿದ್ದುದು ಲಿನಕ್ಸ್ ವ್ಯವಸ್ಥೆ. ಪೆನ್‌ಡ್ರೈವ್ ಸಿಕ್ಕಿಸಿದರೆ ಅದು ಕಾಣಿಸುತ್ತಲೇ ಇರಲಿಲ್ಲ. ಸೂಕ್ಷ್ಮದರ್ಶಕದ ಮೂಲಕ ವರ್ಷವಿಡೀ ತೆಗೆದ ಚಿತ್ರಗಳು ಆ ಯಂತ್ರದಲ್ಲಿದ್ದುವು. ಅವಕ್ಕೆ ಬೇರೆ ಪ್ರತಿಯಿರಲಿಲ್ಲ. ಪ್ರತಿ ತೆಗೆಯಲೆಂದೇ ತಂದ ಪೆನ್‌ಡ್ರೈವ್ ಅದು. "ಎಲ್ಲವನ್ನೂ ಅಳಿಸಿ ಮತ್ತೆ ಹಾಕಬೇಕಂತೆ, ಸಾರ್. ಸ್ನೇಹಿತರೆಲ್ಲ ಹಾಗೆಯೇ ಹೇಳುತ್ತಾರೆ" ಎಂದನು. ನಾನು ತಡೆದೆನು.

ಇಲ್ಲಿ ವಾಚಕರು ಒಂದು ವಿಷಯವನ್ನು ತಿಳಿಯಬೇಕು. ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲಿನುಸ್ ಟೋರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸಿನ ತಿರುಳಿಗೆ ಕರ್ನೆಲ್ ಎಂದು ಹೆಸರು. ಸಾಧನಗಳನ್ನು ನಡೆಸುವ ಡ್ರೈವರುಗಳೆಲ್ಲವೂ ಸದಾಕಾಲ ಸ್ಮೃತಿಯಲ್ಲಿ ತುಂಬಿಕೊಂಡಿದ್ದರೆ ಅದು ಬರಿಯ ದುಂದು. ಆದುದರಿಂದ ಅವುಗಳಲ್ಲಿ ಹೆಚ್ಚಿನವನ್ನು ಮಾಡ್ಯೂಲುಗಳೆಂಬ ಬಿಡಿ ತುಂಡುಗಳಾಗಿ ಡಿಸ್ಕಿನಲ್ಲಿಟ್ಟು, ಬೇಕಾದಾಗ ಮಾತ್ರ ಒಳಗೆ ಕರೆದುಕೊಳ್ಳುತ್ತಾರೆ. ಬೇಕಾದುದು ಯಾವುದೆಂದು ತಿಳಿಯುವುದು ಹೇಗೆ? ಸಾಧನವೇ ತನ್ನ ಗುರುತನ್ನು ಹೇಳುತ್ತದೆ. ಪಿಸಿಐ ಕಾರ್ಡಾದರೆ ತಯಾರಕನಿಗೊಂದು, ಮಾದರಿಗೊಂದು, 16 ಬಿಟ್‌ಗಳ ಸಂಖ್ಯೆಯಿರುತ್ತದೆ. (ಹದಿನಾರರ ಮಾನದಲ್ಲಿ ಇಂಟೆಲ್ ಕಂಪನಿಯ ಸಂಖ್ಯೆ 8086. ಆ ಕಂಪನಿಯ 1978ರ ಪ್ರಸಿದ್ಧ ಪ್ರೊಸೆಸರಿನ ಹೆಸರೂ ಅದೇ. ಇದನ್ನು ಆರಿಸಿದವರಿಗೆ ವಿನೋದ ಪ್ರಜ್ಞೆ ಇದ್ದಿರಬೇಕು!) ಪೆನ್‌ಡ್ರೈವಾದರೋ ತನ್ನ ಜಾತಿಯನ್ನೂ ಹೇಳುತ್ತದೆ: ಯುಎಸ್‌ಬಿ ನಿಯಮದಲ್ಲಿ 08 ಎಂದರೆ ಸಂಗ್ರಹ ಸಾಧನ. ಆದ್ದರಿಂದಲೇ ಯಾರು ತಯಾರಿಸಿದ ಪೆನ್‌ಡ್ರೈವಿಗೂ ಸಾಮಾನ್ಯವಾಗಿ ಒಂದೇ ಮಾಡ್ಯೂಲು ಸಾಕಾಗುತ್ತದೆ. ಕರ್ನೆಲ್ ಈ ಗುರುತನ್ನು ಒಂದು ಸಾಲಾಗಿ ಹೆಣೆದು ಸಾರುತ್ತದೆ. ಯುಡೆವ್ ಎಂಬ ಕಾರ್ಯಕ್ರಮವು ಅದನ್ನು ಕೇಳಿಸಿಕೊಂಡು, ಡಿಸ್ಕಿನಲ್ಲಿರುವ ಸೂಚಿಯಲ್ಲಿ ಆ ಸಾಲಿಗೆ ಹೊಂದುವ ಮಾಡ್ಯೂಲನ್ನು ಹುಡುಕಿ ಒಳತರುತ್ತದೆ. ಇಷ್ಟೆಲ್ಲವೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುವುದರಿಂದ ಇಲ್ಲೊಂದು ಸರಪಳಿಯಿದೆಯೆಂಬುದೇ ನಮಗೆ ಮರೆತುಹೋಗುತ್ತದೆ.

ಕೊಂಡಿ ಎಲ್ಲಿ ಕಳಚಿತೆಂದು ನಾವಿಬ್ಬರೂ ನೋಡಿದೆವು. ಕರ್ನೆಲ್ಲಿನ ದಿನಚರಿಯನ್ನು ತೋರಿಸುವ ಡಿಎಂಇಎಸ್‌ಜಿ ಎಂಬ ಆಜ್ಞೆಯನ್ನು ಕೊಟ್ಟಾಗ, ಹೊಸ ಯುಎಸ್‌ಬಿ ಸಾಧನ ಬಂದಿರುವುದಾಗಿ ಅದರಲ್ಲಿ ಬರೆದಿತ್ತು. ಅಂದಮೇಲೆ ಪೆನ್‌ಡ್ರೈವು ಕೆಟ್ಟಿಲ್ಲ, ಅದನ್ನು ಸಿಕ್ಕಿಸುವ ಕಿಂಡಿಯೂ ಕೆಟ್ಟಿಲ್ಲ. ಬಳಿಕ ಮಾಡ್‌ಪ್ರೋಬ್ ಆಜ್ಞೆಯಿಂದ ಮಾಡ್ಯೂಲನ್ನು ಹೆಸರು ಹಿಡಿದೇ ಕರೆದೆವು. ಅಂಥ ಮಾಡ್ಯೂಲೇ ಇಲ್ಲವೆಂಬ ಉತ್ತರ ಬಂದಿತು. ಒಂದು ವೇಳೆ ಅದು ಓಗೊಟ್ಟು ಬಂದಿದ್ದರೆ ನಾನು ಕಪ್ಪುಪಟ್ಟಿಯನ್ನು ಸಂಶಯಿಸುತ್ತಿದ್ದೆನು. ಏಕೆಂದರೆ ಆ ಪಟ್ಟಿಯು ಗುರುತಿನ ಮೂಲಕ ತಾನಾಗಿ ಬರುವುದನ್ನು ತಡೆಯುತ್ತದೆಯೇ ಹೊರತು ಹೆಸರಿನಿಂದ ಕರೆದರೆ ತಡೆಯುವುದಿಲ್ಲ. ಈಗ ಉಳಿದದ್ದು ಒಂದೇ ದಾರಿ. ಯುನೇಮ್ ಆಜ್ಞೆಯು ಓಡುತ್ತಿರುವ ಕರ್ನೆಲ್ಲಿನ ಆವೃತ್ತಿಯನ್ನು ಹೇಳಿತು. ಡಿಸ್ಕಿನಲ್ಲಿದ್ದ ಮಾಡ್ಯೂಲುಗಳ ಕೋಶದ ಹೆಸರು ಬೇರೆಯಾಗಿತ್ತು! ಅಂದು ಬೆಳಿಗ್ಗೆ ಆತನು ವ್ಯವಸ್ಥೆಯನ್ನು ನವೀಕರಿಸಿದ್ದನು, ಯಂತ್ರವನ್ನು ಮಾತ್ರ ಆರಿಸಿ ಹೊತ್ತಿಸಿರಲಿಲ್ಲ. ನವೀಕರಣವು ಹಳೆಯ ಕೋಶವನ್ನು ತೆಗೆದುಹಾಕಿತ್ತು. ಹಳೆಯ ಕರ್ನೆಲ್ ಸ್ಮೃತಿಯಲ್ಲಿ ಓಡುತ್ತಲೇ ಇತ್ತು. ಆಗಲೇ ಒಳಬಂದಿದ್ದ ಮಾಡ್ಯೂಲುಗಳು ಕೆಲಸ ಮಾಡುತ್ತಿದ್ದುದರಿಂದ ಅದುವರೆಗೆ ಯಾರಿಗೂ ಏನೂ ತಿಳಿಯಲಿಲ್ಲ.

ಇದರಲ್ಲಿ ವಿದ್ಯಾರ್ಥಿಯದೇ ತಪ್ಪೆಂದು ನಾನು ಹೇಳುವುದಿಲ್ಲ. ಕರ್ನೆಲ್ ತಾನೇ ಮಾಡ್‌ಪ್ರೋಬನ್ನು ಕರೆಯುವಾಗಲೂ ಮೌನವಾಗಿರೆಂಬ ಸೂಚನೆಯೊಡನೆಯೇ ಕರೆಯುತ್ತದೆ. ಅದಕ್ಕೆ ಕಾರಣವಿಲ್ಲದಿಲ್ಲ, ಕೇಳಿದ ಮಾಡ್ಯೂಲು ಇಲ್ಲದಿರುವುದು ಎಷ್ಟೋ ಸಲ ಸಹಜವೇ, ಪ್ರತಿಸಲವೂ ದೂರು ಹೇಳಿದರೆ ಕೇಳುವವರಾರು? ಆದರೆ ಇಡೀ ಕೋಶವೇ ಇಲ್ಲವಾದಾಗಲೂ ಬಾಯಿಮುಚ್ಚಿಕೊಂಡಿರುವುದು ಅತಿಯಾಯಿತು. ವ್ಯವಸ್ಥೆಯನ್ನು ಸಿದ್ಧಪಡಿಸಿ ಹಂಚುವವರು 'ಯಂತ್ರವನ್ನು ಪುನಃ ಆರಂಭಿಸಿರಿ' ಎಂಬ ಒಂದು ಸಾಲನ್ನು ತೆರೆಯ ಮೇಲೆ ತೋರಿಸಬಾರದೇ? ಹಳೆಯ ಕರ್ನೆಲ್ಲನ್ನೂ ಅದರ ಮಾಡ್ಯೂಲುಗಳನ್ನೂ ಕೆಲಕಾಲ ಉಳಿಸಿಕೊಳ್ಳುವ ಫೆಡೋರಾದ ಪದ್ಧತಿಯೇ ನನಗೆ ಮೆಚ್ಚು. ಡಿಸ್ಕಿನಲ್ಲಿ ಸ್ವಲ್ಪ ಜಾಗ ಹೋದರೆ ಹೋಗಲಿ.

ಯಂತ್ರವನ್ನು ಪುನಃ ಆರಂಭಿಸಿದೆವು, ಪೆನ್‌ಡ್ರೈವ್ ಕಾಣಿಸಿತು. "ಇಷ್ಟೇನಾ ಸಾರ್? ಮೊದಲೇ ಆರಿಸಿ ಹೊತ್ತಿಸಿದ್ದರೆ ಆಗುತ್ತಿತ್ತಲ್ಲ!" ಎಂದನು. ಆಗುತ್ತಿತ್ತು, ನಿಜ. ಆದರೆ ಕಳಚಿದ್ದುದು ಕಪ್ಪುಪಟ್ಟಿಯ ಕೊಂಡಿಯಾಗಿದ್ದರೆ ನೂರು ಸಲ ಆರಿಸಿ ಹೊತ್ತಿಸಿದರೂ ಆಗುತ್ತಿರಲಿಲ್ಲ ಎಂದೆನು. ಚಿತ್ರಗಳು ಪ್ರತಿಯಾಗಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಆತನು ಆ ಸೂಚಿಯನ್ನು ತೆರೆದಿಟ್ಟುಕೊಂಡು, ಸಾವಿರಾರು ಸಾಲುಗಳಲ್ಲಿ ತನ್ನ ಪೆನ್‌ಡ್ರೈವಿಗೆ ಹೊಂದುವ ಸಾಲು ಯಾವುದೆಂದು ಹುಡುಕುತ್ತ ಕುಳಿತಿದ್ದನು.