ಶುಟ್ಕಿಯೂ ಸಭ್ಯರ ಮೂಗೂ

ಕಳೆದ ವರ್ಷ ಕೋಲ್ಕತ್ತದ ಸಾಹಿತ್ಯಗೋಷ್ಠಿಯೊಂದಕ್ಕೆ ಹೋಗಿದ್ದೆ. ಊಟದ ಹೊತ್ತಿನಲ್ಲಿ ವಿದ್ವಾಂಸರೊಬ್ಬರು ಇಲಿಶ್ ಮೀನಿನ ಮಹಿಮೆಯನ್ನು ಅರ್ಧ ಗಂಟೆ ಬಣ್ಣಿಸಿದರು. ನಾನು ಮೀನು ತಿನ್ನುವವನಲ್ಲ; ಆದರೂ ಕುತೂಹಲದಿಂದ ಶುಟ್ಕಿಯ, ಅಂದರೆ ಒಣಮೀನಿನ, ಮಾತೆತ್ತಿದೆ. ಅವರ ಮುಖ ಹುಳ್ಳಗಾಯಿತು. “ಅದು ನಮ್ಮವರ ಊಟವಲ್ಲ, ಪೂರ್ವದಿಂದ ಬಂದವರದು. ಮನೆ ಬಾಡಿಗೆಗೆ ಕೊಡುವ ಮೊದಲೇ ವಿಚಾರಿಸಿಕೊಳ್ಳುತ್ತೇವೆ” ಎಂದರು.

ಈ ಮಾತು ಸುಳ್ಳೂ ಹೌದು, ಕ್ರೂರವೂ ಹೌದು. ಬಾಂಗ್ಲಾದೇಶದ ಸುಂದರಬನದ ದುಬ್ಲಾರ್ ಚರ್ ದ್ವೀಪದಲ್ಲಿ ಮಳೆಗಾಲ ಕಳೆದ ಮೇಲೆ ಬೆಸ್ತರು ಬಿಡಾರ ಹೂಡಿ, ಬಿದಿರಿನ ಗಳುಗಳ ಮೇಲೆ ಮೀನು ಹರವಿ ಬಿಸಿಲಿಗೂ ಗಾಳಿಗೂ ಒಪ್ಪಿಸುತ್ತಾರೆ, ನಿಜ. ಆದರೆ ಪಶ್ಚಿಮ ಬಂಗಾಳದ ಫ್ರೇಸರ್‌ಗಂಜಿನ ದಂಡೆಯಲ್ಲೂ ಮೀನು ಒಣಗುತ್ತದಲ್ಲ! ಆ ಪೂಜ್ಯ ಇಲಿಶನ್ನೇ ತುಂಡರಿಸಿ ಉಪ್ಪಿನಲ್ಲಿ ಹುದುಗಿಸಿದರೆ ನೋನಾ ಇಲಿಶ್. ಸಿಲ್ಹೆಟ್, ತ್ರಿಪುರಗಳ ಕಡೆ ಒಣಗಿಸಿದ ಪುಂಟಿ ಎಂಬ ಕಿರುಮೀನನ್ನು ಎಣ್ಣೆ ಕುಡಿಸಿದ ಮಡಕೆಯಲ್ಲಿ ಒತ್ತಿ ತುಂಬಿ, ಬಾಯಿ ಮೆತ್ತಿ, ತಿಂಗಳುಗಟ್ಟಲೆ ಹದಗೊಳಿಸಿದರೆ ಶಿದೊಲ್. ನೀರು ತೆಗೆದರೆ ಕೊಳೆ ನಿಲ್ಲುತ್ತದೆಂಬ ಅರಿವು ಇದರ ಹಿಂದಿದೆ. ಉಪ್ಪಿಲ್ಲದೆ ಚೆನ್ನಾಗಿ ಒಣಗಿದ ಮೀನಿನ ತೂಕದಲ್ಲಿ ಅರ್ಧಕ್ಕೂ ಮಿಕ್ಕಿ ಪ್ರೋಟೀನು. ಬಡವನ ಅನ್ನಕ್ಕೆ ಮೆಣಸಿನಕಾಯಿ, ಬೆಳ್ಳುಳ್ಳಿಯೊಡನೆ ಅರೆದ ಒಂದು ಚಿಟಿಕೆ ಸಾಕು.

1947ರಲ್ಲಿ ದೇಶ ಒಡೆದಾಗ ಪೂರ್ವ ಬಂಗಾಳದಿಂದ ಓಡಿಬಂದವರು ಜಾದವಪುರದ ಸುತ್ತ ಕಾಲೊನಿಗಳನ್ನು ಕಟ್ಟಿಕೊಂಡರು. ಹೊಲ, ಮನೆ, ಕೊಳಗಳನ್ನು ಹೊತ್ತು ತರಲಾಗಲಿಲ್ಲ. ನಾಲಗೆಯ ರುಚಿಯನ್ನು ತಂದರು. ಹಳಬರಿಗೆ ಹಂಗಿಸಲು ಅದೇ ಸಾಕಾಯಿತು. ಮೂಗು ಮುಚ್ಚಿಕೊಂಡದ್ದು ಮೀನಿಗಲ್ಲ, ನಿರಾಶ್ರಿತನಿಗೆ.

ಕೆಲವು ವ್ಯಾಪಾರಿಗಳು ಹುಳು ಬೀಳದಂತೆ ಒಣಮೀನಿಗೆ ಕೀಟನಾಶಕ ಬಳಸುವುದುಂಟು. ಅದನ್ನು ತಡೆಯಲೇಬೇಕು. ಆದರೆ ವಿಷವನ್ನು ದೂರುವುದು ಬೇರೆ, ಉಣ್ಣುವವನನ್ನು ದೂರುವುದು ಬೇರೆ. ಇನ್ನು ವಾಸನೆಯೇ ತಪ್ಪೆಂದರೆ ನಮ್ಮ ಸಾರಿನ ಇಂಗಿಗೆ ಏನು ಹೇಳೋಣ? ಹಳಸಿದಂತೆ ನಾರುವ ಪರದೇಶದ ಚೀಸನ್ನು ಹಣ ಸುರಿದು ಕೊಳ್ಳುವವರಿಗೆ ಏನು ಹೇಳೋಣ? ಮೂಗಿಗೆ ಅಸಹ್ಯವನ್ನು ಕಲಿಸುವುದು ಮನೆ, ಜಾತಿ, ಅಂತಸ್ತು.

ಆ ವಿದ್ವಾಂಸರಿಗೆ ಇದನ್ನೆಲ್ಲ ಅಲ್ಲೇ ಹೇಳಬೇಕೆಂದಿದ್ದೆ. ನಾಲಗೆ ಏಳಲಿಲ್ಲ. ಹಿಂದೊಮ್ಮೆ ನಮ್ಮ ಕರಾವಳಿಯ ವಿದ್ಯಾರ್ಥಿಯೊಬ್ಬ ಮಹಡಿಯ ಕೋಣೆ ಕೇಳಿಕೊಂಡು ಬಂದಾಗ, “ಒಣಮೀನು ಸುಡುವವನಲ್ಲ ತಾನೆ?” ಎಂದು ನಾನೇ ಕೇಳಿದ್ದೆ. ಹುಡುಗ ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದ. ಆ ಕೋಣೆ ಬಹುಕಾಲ ಖಾಲಿಯಿತ್ತು. ಯಾವ ವಾಸನೆಯೂ ಇರಲಿಲ್ಲ.