ಸಂಕಷ್ಟ ಬರುವ ಮುನ್ನ ಆಡಿ ನೋಡುವುದು ಲೇಸು

‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂಬ ಮಾತು ವ್ಯಾಪಾರಸ್ಥರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಅದನ್ನು ಅನ್ಯರ ಕುರಿತು ಆಡುವವರೇ ಹೆಚ್ಚು. ತಮ್ಮ ಅಂಗಡಿ, ತಮ್ಮ ಕಾರ್ಖಾನೆಗೆ ಅನ್ವಯಿಸಿಕೊಳ್ಳುವವರು ವಿರಳ. 2016ರ ನವೆಂಬರ್ 8ರಂದು ರಾತ್ರಿ ಎಂಟರ ಸುಮಾರಿಗೆ 500 ಮತ್ತು 1,000 ರೂಪಾಯಿ ನೋಟುಗಳ ಅಮಾನ್ಯೀಕರಣ ಪ್ರಕಟವಾಗಿ ಮಧ್ಯರಾತ್ರಿಯಿಂದಲೇ ಜಾರಿಗೆ ಬಂದಿತು. 2020ರ ಮಾರ್ಚ್ 24ರಂದು ಅದೇ ವೇಳೆಗೆ ದೇಶವ್ಯಾಪಿ ಲಾಕ್‌ಡೌನ್ ಘೋಷಣೆಯಾಯಿತು. ಅದೂ ಮಧ್ಯರಾತ್ರಿಯಿಂದಲೇ ಜಾರಿಯಾಯಿತು. ಎರಡು ಸಂದರ್ಭಗಳಲ್ಲಿಯೂ ವರ್ತಕರಿಗೆ ದೊರೆತ ಕಾಲಾವಕಾಶ ಸುಮಾರು ನಾಲ್ಕು ಗಂಟೆ ಮಾತ್ರ. ಅಷ್ಟರಲ್ಲಿ ಹೊಸದಾಗಿ ಯೋಜನೆ ರೂಪಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಮೊದಲೇ ಯೋಚಿಸಿಟ್ಟುಕೊಂಡಿದ್ದರೆ ಮಾತ್ರ ಆ ಅವಧಿ ಉಪಯೋಗಕ್ಕೆ ಬರುತ್ತಿತ್ತು.

ಮೊದಲೇ ಯೋಚಿಸುವುದು ಹೇಗೆ? ಉಪನ್ಯಾಸ, ವರದಿ, ಸುತ್ತೋಲೆಗಳು ಮಾಹಿತಿಯನ್ನು ಒದಗಿಸುತ್ತವೆ. ಆದರೆ ಒತ್ತಡದ ವೇಳೆ ಮನುಷ್ಯ ತಾನು ಓದಿದ್ದನ್ನು ಮರೆತು ರೂಢಿಯಂತೆ ವರ್ತಿಸುತ್ತಾನೆ. ಆ ರೂಢಿಯ ದೋಷವನ್ನು ನಷ್ಟವಿಲ್ಲದೆ ತೋರಿಸಿಕೊಡುವ ಸುಲಭ ಸಾಧನವೆಂದರೆ ಆಟ. ಚತುರಂಗದ ತವರಾದ ಈ ದೇಶಕ್ಕೆ ಈ ವಿಚಾರ ಹೊಸದಲ್ಲ. ಪ್ರಷ್ಯಾದ ಸೇನೆಯು 1824ರ ಸುಮಾರಿಗೇ ನಕ್ಷೆ, ದಾಳ ಮತ್ತು ಒಬ್ಬ ತೀರ್ಪುಗಾರನ ನೆರವಿನಿಂದ ‘ಯುದ್ಧದಾಟ’ವನ್ನು ತನ್ನ ಅಧಿಕಾರಿಗಳ ತರಬೇತಿಗೆ ಅಳವಡಿಸಿಕೊಂಡಿತು. ಅದನ್ನು ಕಂಡು ಇತರ ರಾಷ್ಟ್ರಗಳ ಸೇನೆಗಳೂ ಆ ಮಾರ್ಗವನ್ನೇ ಅನುಸರಿಸಿದವು.

ನಾಲ್ವರ ಆಟ, ನಾಲ್ವರ ಪಾಠ

ವ್ಯಾಪಾರ ಜಗತ್ತಿಗೆ ಹೆಚ್ಚು ಹತ್ತಿರವಾದ ಆಟವೊಂದನ್ನು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1960ರ ದಶಕದಲ್ಲಿ ರೂಪಿಸಲಾಯಿತು. ‘ಬಿಯರ್ ಆಟ’ವೆಂದು ಪ್ರಸಿದ್ಧವಾದ ಇದರಲ್ಲಿ ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ ಮತ್ತು ಉತ್ಪಾದಕ ಎಂಬ ನಾಲ್ಕು ಪಾತ್ರಗಳಿವೆ. ಆಟಗಾರರು ಪರಸ್ಪರ ಮಾತನಾಡುವಂತಿಲ್ಲ. ಆರ್ಡರ್ ಚೀಟಿಯೊಂದೇ ಸಂಪರ್ಕ ಸಾಧನ. ಕಳುಹಿಸಿದ ಮಾಲು ಮುಂದಿನವರ ಕೈಸೇರಲು ವಾರಗಳು ಹಿಡಿಯುತ್ತವೆ. ಉಳಿದ ದಾಸ್ತಾನಿಗೂ ಖರ್ಚು ಬೀಳುತ್ತದೆ. ಪೂರೈಸಲಾಗದ ಆರ್ಡರಿಗೆ ಅದರ ಎರಡರಷ್ಟು ದಂಡ ಬೀಳುತ್ತದೆ.

ಆರಂಭದಲ್ಲಿ ಗ್ರಾಹಕರ ಬೇಡಿಕೆ ವಾರಕ್ಕೆ 4 ಪೆಟ್ಟಿಗೆ. ಐದನೆಯ ವಾರದಿಂದ ಅದು 8ಕ್ಕೆ ಏರಿ, ಕೊನೆಯವರೆಗೂ ಅಲ್ಲಿಯೇ ನಿಲ್ಲುತ್ತದೆ. ಬದಲಾವಣೆ ಇಷ್ಟೇ. ಆದರೂ ಮಾಲು ತಡವಾದುದನ್ನು ಕಂಡ ಚಿಲ್ಲರೆ ವ್ಯಾಪಾರಿ ಗಾಬರಿಯಿಂದ ಹೆಚ್ಚು ಆರ್ಡರ್ ಕೊಡುತ್ತಾನೆ. ಸಗಟು ವ್ಯಾಪಾರಿ ಅದಕ್ಕೆ ಮತ್ತಷ್ಟು ಸೇರಿಸುತ್ತಾನೆ. ಉತ್ಪಾದಕನಿಗೆ ತಲುಪುವಾಗ ಬೇಡಿಕೆ ನಿಜಸ್ಥಿತಿಯ ಹಲವು ಪಟ್ಟು ಬೆಳೆದಿರುತ್ತದೆ. ಕೆಲವು ವಾರಗಳ ನಂತರ ಎಲ್ಲರ ಗೋದಾಮುಗಳೂ ಒಟ್ಟಿಗೆ ತುಂಬಿ, ಆರ್ಡರ್‌ಗಳು ಶೂನ್ಯಕ್ಕಿಳಿಯುತ್ತವೆ. ಆಟದ ಕೊನೆಯಲ್ಲಿ ಬಹುತೇಕ ಆಟಗಾರರು ದೂರುವುದು ಗ್ರಾಹಕನ ಚಂಚಲತೆಯನ್ನು. ನಿಜವಾದ ಬೇಡಿಕೆಯ ಪಟ್ಟಿಯನ್ನು ತೋರಿಸಿದಾಗ ಅವರು ಮೌನವಾಗುತ್ತಾರೆ.

ಇದೇ ಆಟವನ್ನು ಜಗತ್ತಿನ ವಾಹನೋದ್ಯಮ 2020 ಮತ್ತು 2021ರಲ್ಲಿ ನಿಜವಾದ ಹಣದಿಂದ ಆಡಿತು. ಕೋವಿಡ್ ಆರಂಭದಲ್ಲಿ ವಾಹನ ತಯಾರಕರು ಸೆಮಿಕಂಡಕ್ಟರ್ ಚಿಪ್‌ಗಳ ಆರ್ಡರ್ ಕಡಿತಗೊಳಿಸಿದರು. ಚಿಪ್ ಕಾರ್ಖಾನೆಗಳು ತಮ್ಮ ಸಾಮರ್ಥ್ಯವನ್ನು ಕಂಪ್ಯೂಟರ್, ಮೊಬೈಲ್‌ಗಳತ್ತ ತಿರುಗಿಸಿದವು. ವಾಹನಗಳ ಬೇಡಿಕೆ ನಿರೀಕ್ಷೆಗಿಂತ ಬೇಗ ಚೇತರಿಸಿಕೊಂಡಾಗ ಚಿಪ್‌ಗಳಿರಲಿಲ್ಲ. 2021ರಲ್ಲಿ ಭಾರತದ ಕಾರ್ಖಾನೆಗಳೂ ಉತ್ಪಾದನೆ ತಗ್ಗಿಸಬೇಕಾಯಿತು. ಚಿಪ್‌ಗೆ ಸಂಬಂಧವೇ ಇಲ್ಲದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳಿಗೂ ಅದರ ಬಿಸಿ ತಟ್ಟಿತು.

ಲಾಭವಿದ್ದೂ ಹಣವಿಲ್ಲದ ಸ್ಥಿತಿ

ಸಣ್ಣ ಉದ್ಯಮಕ್ಕೆ ಸಂಕಷ್ಟ ಕಾಲದಲ್ಲಿ ಮೊದಲ ಪೆಟ್ಟು ಬೀಳುವುದು ನಗದಿನ ಮೇಲೆ. ಉದಾಹರಣೆಗೆ, ತಿಂಗಳಿಗೆ 20 ಲಕ್ಷ ರೂಪಾಯಿ ಮಾರಾಟವಿರುವ ಒಂದು ಘಟಕವನ್ನು ಊಹಿಸಿಕೊಳ್ಳಬಹುದು. ಶೇಕಡ 18ರ ಜಿಎಸ್‌ಟಿ ಸೇರಿ ಬಿಲ್ಲಿನ ಮೊತ್ತ 23.60 ಲಕ್ಷ. ಕಚ್ಚಾ ಮಾಲು, ಕೂಲಿ, ಬಾಡಿಗೆ, ವಿದ್ಯುತ್, ಸಾಲದ ಕಂತು, ತೆರಿಗೆ ಎಲ್ಲ ಸೇರಿ ಹೊರಹೋಗುವ ಹಣ ಸುಮಾರು 20 ಲಕ್ಷ. ಕೈಯಲ್ಲಿನ ನಗದು ಮತ್ತು ಬ್ಯಾಂಕಿನ ಬಳಸದ ಓವರ್‌ಡ್ರಾಫ್ಟ್ ಮಿತಿ ಸೇರಿ 15 ಲಕ್ಷ ಲಭ್ಯವಿದೆ. ಮಾರಾಟದ ಅರ್ಧ ಭಾಗವನ್ನು ಕೊಳ್ಳುವ ಗಿರಾಕಿ ಮಾಲು ಪಡೆಯುತ್ತಲೇ ಹಣ ನಿಲ್ಲಿಸಿದನೆಂದರೆ, ಪ್ರತಿ ತಿಂಗಳು ಸುಮಾರು 8 ಲಕ್ಷ ಕೊರತೆ. ಎರಡನೆಯ ತಿಂಗಳು ಮುಗಿಯುವ ಮೊದಲೇ 15 ಲಕ್ಷವೂ ಕರಗುತ್ತದೆ. ಅದೇ ವೇಳೆ ಲಾಭ-ನಷ್ಟದ ಪಟ್ಟಿ ಲಾಭವನ್ನೇ ತೋರಿಸುತ್ತಿರುತ್ತದೆ. ಬಾರದ ಹಣದ ಮೇಲೂ ಜಿಎಸ್‌ಟಿ ಕಟ್ಟಬೇಕಾಗಿರುತ್ತದೆ.

ಈ ಲೆಕ್ಕವನ್ನು ವರದಿಯಲ್ಲಿ ಓದಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಆಟದ ಮೇಜಿನಲ್ಲಿ ‘ದೊಡ್ಡ ಗಿರಾಕಿ 90 ದಿನ ಹಣ ಕೊಡುವುದಿಲ್ಲ’ ಎಂಬ ಚೀಟಿ ಕೈಗೆ ಬಂದಾಗ ಮಾತ್ರ ಪ್ರಶ್ನೆಗಳು ಹುಟ್ಟುತ್ತವೆ. ಪೂರೈಕೆಯನ್ನು ಯಾವ ದಿನ ನಿಲ್ಲಿಸಬೇಕು? ಬ್ಯಾಂಕಿನ ಮ್ಯಾನೇಜರನ್ನು ಹಣ ಮುಗಿದ ಮೇಲೆ ಕಾಣುವುದೋ, ಮೊದಲೇ ಕಾಣುವುದೋ? ಅತಿಸಣ್ಣ ಮತ್ತು ಸಣ್ಣ ಉತ್ಪಾದಕರಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಂದಾಯವಾಗಬೇಕೆಂದು 2006ರ ಎಂಎಸ್‌ಎಂಇಡಿ ಕಾಯಿದೆ ಹೇಳುತ್ತದೆ. ಅದರ ರಕ್ಷಣೆ ಕೇಳಲು ಅಗತ್ಯವಾದ ಉದ್ಯಮ್ ನೋಂದಣಿ ಆಗಿದೆಯೇ? ಆ ರಕ್ಷಣೆ ದೊರೆಯದ ವರ್ತಕರು ತಮ್ಮ ಉದ್ದರಿಗೆ ಎಷ್ಟು ಮಿತಿ ಹಾಕಿಕೊಳ್ಳಬೇಕು? ಇವುಗಳಿಗೆ ಶಾಂತ ಸಮಯದಲ್ಲಿ ಉತ್ತರ ಕಂಡುಕೊಳ್ಳುವುದೇ ಆಟದ ಸಂಪಾದನೆ.

ಆಕ್ಷೇಪಗಳೂ ಒಂದು ಎಚ್ಚರಿಕೆಯೂ

ಮುಂದಿನ ಸಂಕಷ್ಟ ಯಾವುದೆಂದು ಯಾರಿಗೂ ತಿಳಿಯದು, ಹೀಗಿರುವಾಗ ಆಟದಿಂದೇನು ಪ್ರಯೋಜನ ಎಂಬ ಆಕ್ಷೇಪ ಸಹಜ. ಸಂಕಷ್ಟದ ಹೆಸರು ಬದಲಾಗಬಹುದು. ಆದರೆ ಹಣ ನಿಲ್ಲುವುದು, ಮಾಲು ಬಾರದಿರುವುದು, ಕೆಲಸಗಾರರು ಇಲ್ಲದಿರುವುದು, ಕಂಪ್ಯೂಟರ್ ಕೈಕೊಡುವುದು ಎಂಬ ಪರಿಣಾಮಗಳು ಹೆಚ್ಚು ಬದಲಾಗುವುದಿಲ್ಲ. ಇದಕ್ಕೆ ಸಮಯವೆಲ್ಲಿದೆ ಎಂಬುದು ಮತ್ತೊಂದು ಆಕ್ಷೇಪ. ದೇಶದ ಎರಡು ಪ್ರಮುಖ ಷೇರು ವಿನಿಮಯ ಕೇಂದ್ರಗಳು 2024ರ ಮಾರ್ಚ್ 2ರ ಶನಿವಾರ ವಿಶೇಷ ವಹಿವಾಟು ನಡೆಸಿ, ಮುಖ್ಯ ಕೇಂದ್ರದಿಂದ ಆಪತ್ಕಾಲದ ಬದಲಿ ಕೇಂದ್ರಕ್ಕೆ ಕೆಲಸವನ್ನು ವರ್ಗಾಯಿಸಿ ಪರೀಕ್ಷಿಸಿದವು. ಅಷ್ಟು ದೊಡ್ಡ ಸಂಸ್ಥೆಗಳಿಗೆ ರಜಾದಿನವೊಂದು ದೊರೆತರೆ ಅಂಗಡಿಗೊಂದು ಸಂಜೆ ದೊರೆಯದಿರದು.

ನಿಜವಾದ ಅಪಾಯವಿರುವುದು ಬೇರೆಡೆ. ಅಮೆರಿಕದ ಲೂಸಿಯಾನ ರಾಜ್ಯದಲ್ಲಿ 2004ರ ಜುಲೈನಲ್ಲಿ ‘ಪಾಮ್’ ಎಂಬ ಕಾಲ್ಪನಿಕ ಚಂಡಮಾರುತವನ್ನು ಮುಂದಿಟ್ಟುಕೊಂಡು ಅಧಿಕಾರಿಗಳು ಐದು ದಿನ ಅಭ್ಯಾಸ ನಡೆಸಿದರು. ನ್ಯೂ ಆರ್ಲಿಯನ್ಸ್ ನಗರ ಜಲಾವೃತವಾಗುವ ಸಾಧ್ಯತೆ ಅಲ್ಲಿ ಸ್ಪಷ್ಟವಾಗಿ ಕಂಡಿತ್ತು. ಆದರೆ ಅದರಿಂದ ಹೊರಡಬೇಕಿದ್ದ ಯೋಜನೆ ಪೂರ್ಣಗೊಳ್ಳಲಿಲ್ಲ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿದಾಗ ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆಡಿದ ಮೇಲೆ ಮಾಡಬೇಕಾದುದನ್ನು ಮಾಡದಿದ್ದರೆ ಆಟ ಬರೀ ಕಾಲಹರಣವಾಗುತ್ತದೆ.

ವಾಣಿಜ್ಯ ಸಂಸ್ಥೆಗಳ ಪಾತ್ರ

ಈ ಹಿನ್ನೆಲೆಯಲ್ಲಿ ವಾಣಿಜ್ಯ ಸಂಸ್ಥೆಗಳು ವರ್ಷಕ್ಕೊಮ್ಮೆಯಾದರೂ ಇಂತಹ ಆಟವನ್ನು ಏರ್ಪಡಿಸುವುದು ಸೂಕ್ತ. ಇದಕ್ಕೆ ಸಾಫ್ಟ್‌ವೇರಿನ ಅಗತ್ಯವಿಲ್ಲ. ಹನ್ನೆರಡು ಸದಸ್ಯರು, ಒಬ್ಬ ತೀರ್ಪುಗಾರ, ಒಂದು ಕಪ್ಪುಹಲಗೆ, ಒಂದಿಷ್ಟು ಚೀಟಿಗಳು ಮತ್ತು ಮೂರು ಗಂಟೆ ಸಮಯ ಸಾಕು. ಸಾರಿಗೆ ಮುಷ್ಕರ, ವಾರದ ವಿದ್ಯುತ್ ವ್ಯತ್ಯಯ, ಸರಬರಾಜುದಾರನ ಬ್ಯಾಂಕ್ ಖಾತೆ ಬದಲಾಗಿದೆಯೆಂಬ ನಕಲಿ ಇ-ಮೇಲ್, ಜಿಎಸ್‌ಟಿ ವಿವರಪಟ್ಟಿಯ ಕೊನೆಯ ದಿನ ಲೆಕ್ಕಿಗನ ಗೈರುಹಾಜರಿ – ಇವು ಚೀಟಿಗಳಾಗಲಿ. ಉತ್ಪಾದಕನು ಚಿಲ್ಲರೆ ವ್ಯಾಪಾರಿಯಾಗಿ, ವರ್ತಕನು ಉತ್ಪಾದಕನಾಗಿ ಆಡಲಿ; ಇನ್ನೊಬ್ಬರ ಇಕ್ಕಟ್ಟು ಅರಿವಾಗಲು ಅದಕ್ಕಿಂತ ಉತ್ತಮ ಮಾರ್ಗವಿಲ್ಲ. ಪ್ರತಿಯೊಂದು ಸುತ್ತಿನ ಕೊನೆಯಲ್ಲಿ ಉಳಿದ ನಗದನ್ನು ಹಲಗೆಯ ಮೇಲೆ ಬರೆಯಲಿ.

ಏಳುವ ಮುನ್ನ ಪ್ರತಿಯೊಬ್ಬರೂ ಒಂದು ತಿಂಗಳೊಳಗೆ ಮಾಡುವ ಮೂರು ಕೆಲಸಗಳನ್ನು ಬರೆದು ಸಹಿ ಮಾಡಬೇಕು. ಮುಂದಿನ ಸಭೆಯಲ್ಲಿ ಅದರ ವರದಿ ಒಪ್ಪಿಸಬೇಕು. ಈ ಕೊನೆಯ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವ ಸಂಸ್ಥೆಯ ಸದಸ್ಯರಿಗೆ ಮುಂದೊಂದು ದಿನ ನಾಲ್ಕೇ ಗಂಟೆ ದೊರೆತರೂ, ಮೊದಲು ಯಾರಿಗೆ ಫೋನ್ ಮಾಡಬೇಕೆಂಬುದು ತಿಳಿದಿರುತ್ತದೆ.